ಹೊಸ ತಲೆ

ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನಮ್ಮ ಯಜಮಾನರಿಗೆ ಮುಖಗಳ ಗುರುತು ಸಿಗುತ್ತಿಲ್ಲ. ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತವೆ. ಯಾರದೆಂದು ಮಾತ್ರ ತಿಳಿಯುವುದಿಲ್ಲ. ನನ್ನನ್ನೂ ದನಿ ಕೇಳಿಯೇ ಗುರುತಿಸುತ್ತಾರೆ. ಮೊದಲೇ ಬಾಯಿಬಡುಕಿ ನಾನು. ಈಗಂತೂ ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ.

ಮೂರು ತಿಂಗಳ ಮೇಲೆ ತಮ್ಮ ಕ್ಷೌರದಂಗಡಿಯನ್ನು ಮತ್ತೆ ತೆರೆದರು. ಮೊದಲ ದಿನ ನಾನೂ ಜೊತೆಗಿದ್ದೆ. ಬಂದವರೊಬ್ಬರ ಮುಖವನ್ನು ಕನ್ನಡಿಯಲ್ಲಿ ನೋಡಿ ಪಿಳಿಪಿಳಿ ಕಣ್ಣು ಬಿಟ್ಟರು. ಕೂದಲೊಳಗೆ ಬೆರಳಾಡಿಸಿದ್ದೇ ತಡ, ನಕ್ಕುಬಿಟ್ಟರು.

"ಎರಡು ಸುಳಿ ಇರೋ ತುಂಟ ಮೇಷ್ಟ್ರು ಊರಿಗೆಲ್ಲ ಒಬ್ರೇ! ಬನ್ನಿ ಬನ್ನಿ!"

ಸಂಜೆಯೊಳಗೆ ಏಳು ಜನರನ್ನು ಹಾಗೇ ಗುರುತು ಹಿಡಿದರು. ನನಗೆ ಖುಷಿಯಾಗಬೇಕಿತ್ತು, ಹೊಟ್ಟೆ ಉರಿಯಿತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳ ತಲೆಯನ್ನು ಈ ಮನುಷ್ಯ ಒಂದು ದಿನವೂ ಸವರಿರಲಿಲ್ಲ. ನೋಯುತ್ತಿದೆ, ಸ್ವಲ್ಪ ಒತ್ತಿ ಎಂದರೆ "ಮನೇಲೂ ಅದೇ ಕೆಲ್ಸಾನಾ?" ಎನ್ನುತ್ತಿದ್ದರು.

ಮಾರನೆಯ ದಿನ, ಬಟ್ಟೆಯಿಂದಲೂ ಗುರುತು ಸಿಗಬಾರದೆಂದು ನಾದಿನಿಯ ಬಟ್ಟೆ ತೊಟ್ಟು, ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಜಡೆ ಬಿಚ್ಚಿದೆ. ತುಟಿ ಪಿಟಕ್ಕೆನ್ನಲಿಲ್ಲ. ಅವರ ಬೆರಳು ನೆತ್ತಿಯವರೆಗೆ ಹೋಗಿ ತಡವರಿಸಿತು.

"ತಪ್ಪು ತಿಳೀಬೇಡಿ ಅಮ್ಮಾ, ಈ ತಲೆ ನಂಗೆ ಹೊಸದು."

"ಹೊಸದೇ," ಎಂದೆ. "ಇವತ್ತಿಂದ ಕಲಿತ್ಕೊಳ್ಳಿ."

ದನಿ ಕೇಳಿ ಕೈ ನಿಂತಿತು. ಆಮೇಲೆ ಹಣೆಯಿಂದ ಮತ್ತೆ ಶುರುಮಾಡಿತು, ನಿಧಾನವಾಗಿ.