ಬಿಚ್ಚಲಾಗದ ಸೂರ್ಯ

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮೊಮ್ಮಗಳೇ ಸೂರ್ಯ. ಟೈಲರ್ ಅಜ್ಜಿ ಪದರಕ್ಕೊಂದರಂತೆ ಅಂಗಿ ಹೊಲಿದಳು: ಒಳಗಿನ ಗರ್ಭಕ್ಕೆ ಬಿಳಿ ಸ್ಯಾಟಿನ್, ಅದರ ಮೇಲೆ ದಪ್ಪ ಹಳದಿ ಉಣ್ಣೆ, ಕುದಿಯುವ ಪದರಕ್ಕೆ ನೆರಿಗೆ ನೆರಿಗೆಯ ಕಿತ್ತಳೆ, ಎಲ್ಲಕ್ಕೂ ಹೊರಗೆ ಕರೋನಾ ಎಂಬ ಪ್ರಭಾವಲಯಕ್ಕೆ ಜರಿ ಬಲೆ. ಮೊಮ್ಮಗಳಿಗೆ ತೊಡಿಸಿ, ಗುಂಡಿ ಕಳಚಿಕೊಂಡೀತೆಂದು ಅಂಗಿಗಳ ಬೆನ್ನನ್ನೇ ಹೊಲಿದು ಮುಚ್ಚಿದಳು. "ನನ್ ಹೊಲಿಗೆ ಬಿಚ್ಚೋದುಂಟಾ?"

ವೇದಿಕೆಯಲ್ಲಿ ಮೇಷ್ಟ್ರು ಕೋಲಿನಿಂದ ಅಂಗಿ ತೋರಿಸಿ, "ನಡುವೆ ಹುಟ್ಟೋ ಬೆಳಕು ಈ ಪದರಗಳನ್ನ ದಾಟಿ ಹೊರಗೆ ಬರೋಕೆ ಸಾವಿರಾರು ವರ್ಷ ಬೇಕು," ಎಂದರು.

ಸೂರ್ಯ ನಿಂತಲ್ಲೇ ಕುಣಿಯತೊಡಗಿತು. "ಅಷ್ಟೊತ್ತು ನನ್ ಕೈಲಾಗಲ್ಲ! ಅಜ್ಜೀ, ಒಂದಕ್ಕೆ ಅರ್ಜೆಂಟು!"

ಸಭೆ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಕತ್ತರಿ ಹಿಡಿದು ಓಡಿಬಂದಳು. ಉಣ್ಣೆಯ ಪದರಕ್ಕೆ ಬರುವಷ್ಟರಲ್ಲಿ ಅವಳಿಗೂ ನಗು ತಡೆಯಲಾಗಲಿಲ್ಲ.

"ಯಾವ ಪುಣ್ಯಾತ್ಗಿತ್ತಿ ಇಷ್ಟು ಗಟ್ಟಿಯಾಗಿ ಹೊಲಿದಿದ್ದು!"