ತೊಂಬತ್ತನೆಯ ಸಹಿ

ಪೆನ್ನು ಅರ್ಧ ಸಹಿಗೆ ನಿಂತುಹೋಯಿತು. ಅವಳು ಅದನ್ನು ಕೊಡವಿದಳು, ಅಂಗೈ ಮೇಲೆ ಗೀಚಿ ನೋಡಿದಳು. ಬದಲಿ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೊದಲೆರಡು ಅಕ್ಷರ ಮಾತ್ರ ಮೂಡಿದ್ದವು.

“ಇವತ್ತೇ ಕೈ ಕೊಡ್ಬೇಕಾ ಅದು?” ಎಂದು ಗುಮಾಸ್ತ ತನ್ನ ಜೇಬಿನ ಪೆನ್ನು ತೆಗೆದುಕೊಟ್ಟ. “ತಗೊಳ್ಳಿ ಮೇಡಂ. ತೊಂಬತ್ತನೇದು ನನ್ನ ಪೆನ್ನಲ್ಲೇ ಆಗ್ಲಿ. ಮುಂದೆ ಹೇಳ್ಕೊಂಡು ತಿರುಗೋಕೆ ನನಗೂ ಒಂದು ಕಥೆ ಬೇಕಲ್ಲ.”

“ಬೆಲ್ ಆಗೋವರೆಗೂ ಏನೂ ಹೇಳ್ಬೇಡಿ ಸರ್.”

“ಇನ್ನೇನ್ರೀ ಬಾಕಿ? ಕಾಗದ ಟೈಪ್ ಮಾಡಿಟ್ಟಿದೀನಿ. ಬೆಲ್ ಆದ ತಕ್ಷಣ ಕೆಂಪು ಗೆರೆ ಎಳೀತೀನಿ, ಹೆಡ್ ಸಹಿ ಹಾಕ್ತಾರೆ, ಹತ್ತು ಗಂಟೆ ಟಪಾಲಲ್ಲಿ ಹೋಗುತ್ತೆ. ನಾಳೆಯಿಂದ ನಿಮ್ಮನ್ನ ಯಾರಾದ್ರೂ ಬದಲಿ ಅಂದ್ರೆ ಅವರ ಬಾಯಿಗೆ ಚಾಕ್‌ಪೀಸ್ ತುರುಕಿ.”

ಅವಳು ಸಹಿ ಪೂರ್ತಿ ಮಾಡಿ ಗೋಡೆ ಗಡಿಯಾರ ನೋಡಿದಳು. ಎಂಟೂ ಕಾಲು. ನಿಜವಾದ ಹೊತ್ತು ಎಂಟು ಹತ್ತು. ಹೋದ ತಿಂಗಳು ಬಂದ ಹೊಸ ಹೆಡ್, ತಡವಾಗಿ ಬರುವ ಶಿಕ್ಷಕರಿಗೆ ಬುದ್ಧಿ ಕಲಿಸಲೆಂದು, ಕಚೇರಿಯ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದರು. ಬೆಲ್ಲು ಈ ಗಡಿಯಾರದ ಎಂಟೂವರೆಗೇ ಹೊಡೆಯುತ್ತಿತ್ತು. ಬೆಲ್ಲಾದ ಮರುಕ್ಷಣ ಗುಮಾಸ್ತ ಹಾಜರಿ ಪುಸ್ತಕದ ಖಾಲಿ ಚೌಕಗಳ ಮೇಲೆ ಗೆರೆ ಎಳೆದರೆ ಮುಗಿಯಿತು, ಆಮೇಲೆ ಯಾರು ಬಂದು ಕಾಲಿಗೆ ಬಿದ್ದರೂ ಆ ದಿನ ಗೈರುಹಾಜರಿ. ಮೊದಲ ವಾರ ಏಳು ಮಂದಿಗೆ ಗೆರೆ ಬಿತ್ತು. ಎರಡನೆಯ ವಾರ ಒಬ್ಬರಿಗೆ. ಈಗ ಎಂಟೂ ಹತ್ತಕ್ಕೆಲ್ಲ ಎಲ್ಲರೂ ಮಹಡಿ ಮೇಲೆ ಇರುತ್ತಿದ್ದರು.

ನಿಯಮ ಇಷ್ಟೇ. ಕಾಯಂ ಶಿಕ್ಷಕರೊಬ್ಬರ ಸಹಿ ಸತತ ತೊಂಬತ್ತು ಕೆಲಸದ ದಿನ ಹಾಜರಿ ಪುಸ್ತಕದಲ್ಲಿ ಬೀಳದಿದ್ದರೆ ಹುದ್ದೆ ಖಾಲಿ. ಅಷ್ಟೂ ದಿನ ಒಂದೂ ತಪ್ಪದೆ ಆ ತರಗತಿ ನಡೆಸಿದ ಬದಲಿ ಶಿಕ್ಷಕರಿಗೆ ಆ ಹುದ್ದೆಯ ಮೇಲೆ ಮೊದಲ ಹಕ್ಕು. ನಡುವೆ ಕಾಯಂ ಶಿಕ್ಷಕರು ಒಂದೇ ಒಂದು ದಿನ ಬಂದು ಸಹಿ ಹಾಕಿದರೂ ಲೆಕ್ಕ ಮತ್ತೆ ಒಂದರಿಂದ ಶುರು. ಇನ್ನೊಂದು ನಿಯಮವೂ ಇತ್ತು. ನಲವತ್ತೈದು ತುಂಬಿದವರನ್ನು ಕಾಯಂ ಮಾಡುವಂತಿಲ್ಲ. ಅವಳಿಗೆ ನಲವತ್ತೈದು ತುಂಬಲು ಹತ್ತೊಂಬತ್ತು ದಿನ ಉಳಿದಿದ್ದವು.

ಹನ್ನೊಂದು ವರ್ಷದಲ್ಲಿ ಅವಳು ಅರವತ್ತನಾಲ್ಕು ಶಾಲೆ ಸುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಜಿಲ್ಲಾ ಶಿಕ್ಷಣ ಕಚೇರಿಯಿಂದ ಫೋನು ಬರುತ್ತಿತ್ತು. ಮೂರು ರಿಂಗಿನೊಳಗೆ ಎತ್ತದಿದ್ದರೆ ಕರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಿತ್ತು. ಹಾಗಾಗಿ ಅವಳು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡೇ ಸ್ನಾನಕ್ಕೆ ಹೋಗುತ್ತಿದ್ದಳು. ಇವತ್ತು ಊರಿನ ಈ ತುದಿಯಲ್ಲಿ ಒಂದನೇ ತರಗತಿಯ ಮೂಗು ಒರೆಸಿದರೆ, ನಾಳೆ ಆ ತುದಿಯಲ್ಲಿ ಮೀಸೆ ಮೂಡಿದ ಹುಡುಗರಿಗೆ ತನಗೇ ಗೊತ್ತಿಲ್ಲದ ರಸಾಯನಶಾಸ್ತ್ರ. ಎಲ್ಲ ಕಡೆಯೂ ಬೇರೊಬ್ಬರ ಕುರ್ಚಿ, ಬೇರೊಬ್ಬರ ಬೀಗ ಹಾಕಿದ ಬೀರು. ಮಕ್ಕಳು ಅವಳ ಹೆಸರು ಕೇಳುತ್ತಲೇ ಇರಲಿಲ್ಲ. “ಬದಲಿ ಮಿಸ್ ಬಂದ್ರು ಕಣ್ರೋ” ಎಂದು ಒಬ್ಬ ಕೂಗಿದರೆ ಸಾಕು, ಅಂದಿನ ಪಾಠ ಅಲ್ಲಿಗೆ ಮುಗಿದಂತೆ.

ನಾಳೆ ಎಲ್ಲಿ ಎಂದು ಗೊತ್ತಿಲ್ಲದವಳು ಮಗಳನ್ನು ಯಾವ ಶಾಲೆಗೆ ಸೇರಿಸುವುದು, ಯಾರ ಕೈಯಲ್ಲಿ ಬಿಟ್ಟು ಹೋಗುವುದು? ಗಂಡ ಬಿಟ್ಟುಹೋದ ಮೇಲೆ ಮಗಳು ನಾಲ್ಕು ವರ್ಷದಿಂದ ಬೇರೆ ಊರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಳು. ಮೊದಮೊದಲು ಪ್ರತಿ ಭಾನುವಾರ “ಯಾವಾಗ ಕರ್ಕೊಂಡು ಹೋಗ್ತೀಯ?” ಎನ್ನುತ್ತಿದ್ದವಳು ಕೊನೆಗೆ ಕೇಳುವುದನ್ನೇ ಬಿಟ್ಟಿದ್ದಳು. ತೊಂಬತ್ತರ ಲೆಕ್ಕ ಗೊತ್ತಾದ ಮೇಲೆ ದೊಡ್ಡಮ್ಮನ ಮನೆಯ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದುಹಾಕುತ್ತ ಬಂದಿದ್ದಳು. ನಿನ್ನೆ ಸಂಜೆ ಮಗಳೇ ಫೋನು ಮಾಡಿದಳು.

“ಅಮ್ಮಾ, ನಾಳೆಗೆ ಆಯ್ತಲ್ಲ?”

“ಆಯ್ತು ಕಣೇ.”

“ಬಟ್ಟೆ ಬ್ಯಾಗಿಗೆ ಹಾಕ್ಕೊಳ್ಳಲಾ? ದೊಡ್ಡಮ್ಮ ಅವಸರ ಮಾಡ್ಬೇಡ ಅಂತಾರೆ. ನೀನು ಹೇಳು.”

“ಹಾಕ್ಕೋ,” ಎಂದಳು.

ಕಚೇರಿಯ ಪಕ್ಕದ ಕೋಣೆಯೇ ಐದನೇ ತರಗತಿ. ಬೆಲ್ಲಾಗುವವರೆಗೆ ಮಕ್ಕಳು ಕೆಳಗೆ ಅಂಗಳದಲ್ಲಿರಬೇಕಾದ್ದರಿಂದ ಕೋಣೆ ಖಾಲಿಯಿತ್ತು. ಅವಳು ಕಿಟಕಿ ತೆರೆದಳು, ಬೋರ್ಡು ಒರೆಸಿ ತಾರೀಕು ಬರೆದಳು. ತೊಂಬತ್ತು ದಿನವಾದರೂ ಬೀರುವಿನ ಮೇಲಿನ ಚೀಟಿಗಳೆಲ್ಲ ಕಾಯಂ ಟೀಚರ ದುಂಡಕ್ಷರದಲ್ಲೇ ಇದ್ದವು. ಅವರೊಂದಿಗೆ ಅವಳು ಒಮ್ಮೆ ಮಾತ್ರ ಮಾತಾಡಿದ್ದಳು, ಎರಡನೆಯ ದಿನ, ಪಾಠ ಎಲ್ಲಿಗೆ ನಿಂತಿದೆ ಎಂದು ಕೇಳಲು. ಆಸ್ಪತ್ರೆಯಿಂದ ಫೋನೆತ್ತಿ ಅರ್ಧ ಗಂಟೆ ವಿವರಿಸಿದ್ದರು. ಮಧ್ಯೆ ಯಾರೋ ನರ್ಸು ಬೈದದ್ದೂ ಕೇಳಿಸಿತ್ತು.

ಬಲಗಡೆ ಗೋಡೆಗೆ ಅಂಟಿದ ಬೆಂಚು ನೆಟ್ಟಗಿರಲಿಲ್ಲ. ಸರಿಮಾಡಿದಳು. ಅಲ್ಲಿ ಕೂರುವ ಹುಡುಗಿ ಎರಡು ಸಲ ಕರೆದರೂ ಏಳುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಅಹಂಕಾರ ಎಂದುಕೊಂಡು ಮೂರನೆಯ ವಾರದಲ್ಲಿ ಅವಳೇ ಆ ಹುಡುಗಿಯನ್ನು ಎಡಗಡೆಯ ಬೆಂಚಿನಿಂದ ಈ ಗೋಡೆಯ ಪಕ್ಕಕ್ಕೆ ತಳ್ಳಿದ್ದಳು.

ಸೀಮೆಸುಣ್ಣ ಮುಗಿದಿತ್ತು. ಉಗ್ರಾಣ ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಅವಳು ಇಳಿದು ಹೋದಳು.

ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ಕಂಬಿ ಹಿಡಿದು ನಿಂತಿದ್ದರು. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಬಾಯಿ ಮೂಗಿಗೆ ಮುಸುಕು, ಹುಬ್ಬಿರಲಿಲ್ಲ. ಹೆಗಲಿಗೆ ಹಾಕಿದ ಚೀಲವೇ ಅವರನ್ನು ಒಂದು ಕಡೆಗೆ ಎಳೆಯುತ್ತಿತ್ತು. ಯಾರೋ ಮಗುವಿನ ಅಜ್ಜಿ ಎಂದುಕೊಂಡಳು.

“ಯಾರು ಬೇಕಿತ್ತಮ್ಮಾ? ಬೆಲ್ ಆಗೋ ಹೊತ್ತಾಯ್ತು...”

“ಧ್ವನಿ ಗುರುತು ಸಿಕ್ತು,” ಎಂದರು ಅವರು. “ಫೋನಲ್ಲಿ ಮಾತಾಡಿದ್ವಲ್ಲ. ನನ್ನ ಕ್ಲಾಸು ನೋಡ್ಕೊಳ್ತಿರೋರು ನೀವೇ ತಾನೆ?”

ಅವಳು ಕೊನೆಯ ಮೆಟ್ಟಿಲಲ್ಲೇ ನಿಂತಳು.

“ನೀವು... ಹುಷಾರಾದ್ರಾ ಮೇಡಂ?”

“ನೋಡಿದ್ರೆ ಗೊತ್ತಾಗಲ್ವಾ?” ಮುಸುಕಿನ ಹಿಂದೆ ನಕ್ಕರು, ನಗು ಕೆಮ್ಮಾಯಿತು. “ಸಹಿ ಹಾಕಿ ಹೋಗೋಣ ಅಂತ ಬಂದೆ. ಯಜಮಾನ್ರಿಗೆ ಹೇಳಿಲ್ಲ, ಹೇಳಿದ್ರೆ ಬಾಗಿಲಿಗೆ ಅಡ್ಡ ಮಲಗ್ತಿದ್ರು. ಇವತ್ತು ತೊಂಬತ್ತಂತೆ. ಕೆಲಸ ಹೋದ್ರೆ ಆಸ್ಪತ್ರೆ ಕಾರ್ಡೂ ಹೋಗುತ್ತೆ ಕಣ್ರೀ. ಇನ್ನೂ ನಾಲ್ಕು ಸಲ ಔಷಧಿ ಹಾಕಿಸ್ಕೋಬೇಕು.”

ಅವಳ ಕಣ್ಣು ಮೇಲೆ ಕಚೇರಿಯ ಕಡೆಗೆ ಹೋಯಿತು.

“ಪುಸ್ತಕ ಕೆಳಗೆ ತರೋಕಾಗುತ್ತಾ?”

“ಕಚೇರಿಯಿಂದ ಹೊರಗೆ ಕೊಡಲ್ಲ ಮೇಡಂ.” ಅದು ನಿಜವೇ ಆಗಿತ್ತು.

“ಹಂಗಾದ್ರೆ ಹತ್ತೋಣ.” ಅವರು ಸಡಿಲವಾದ ಕೈಗಡಿಯಾರವನ್ನು ಮಣಿಕಟ್ಟಿನ ಮೇಲೆ ತಿರುಗಿಸಿ ನೋಡಿಕೊಂಡರು. “ಎಂಟು ಹದಿನಾರು. ಹದಿನಾಲ್ಕು ನಿಮಿಷ ಇದೆ. ಇಪ್ಪತ್ತನಾಲ್ಕು ಮೆಟ್ಟಿಲು. ಆಮೆ ಆದ್ರೂ ಹತ್ತುತ್ತೆ. ಸ್ವಲ್ಪ ಕೈ ಕೊಡಿ.”

ಅವಳು ಕೈ ಕೊಟ್ಟಳು. ಗಡಿಯಾರ ಐದು ನಿಮಿಷ ಮುಂದಿದೆ. ನಾಲ್ಕು ಶಬ್ದ, ನಾಲಿಗೆಯ ಮೇಲೇ ಇದ್ದವು. ಮೊದಲ ಮೆಟ್ಟಿಲು ಹತ್ತಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ತನ್ನ ತೋಳಿನ ಮೇಲೆ ಬಿದ್ದ ಭಾರ ಎಷ್ಟು ಕಡಿಮೆಯೆಂದರೆ, ಬೇಕೆಂದರೆ ಅವರನ್ನು ಎತ್ತಿಕೊಂಡೇ ಹೋಗಬಹುದಿತ್ತು. ಎರಡು ನಿಮಿಷ ಸಾಕಿತ್ತು. ಮೂರನೆಯ ಮೆಟ್ಟಿಲು. ಐದು. ಅವರು ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಒಟ್ಟಿಗೆ ಇಟ್ಟು ನಿಲ್ಲುತ್ತಿದ್ದರು. ಹನ್ನೆರಡನೆಯದಕ್ಕೆ, ಮೆಟ್ಟಿಲು ತಿರುಗುವ ಕಟ್ಟೆಯಲ್ಲಿ, ಅವರ ಮೊಣಕಾಲು ಕುಸಿಯಿತು.

“ಒಂದು ನಿಮಿಷ,” ಎಂದರು. “ಉಸಿರು.”

“ಕೂತ್ಕೊಳ್ಳಿ ಮೇಡಂ. ಸುಧಾರಿಸ್ಕೊಳ್ಳಿ.”

ಆ ಮಾತು ತನ್ನ ಬಾಯಿಂದ ಅಷ್ಟು ಮೃದುವಾಗಿ ಹೊರಟದ್ದು ಕೇಳಿ ಅವಳಿಗೇ ಬೆಚ್ಚಿಬಿದ್ದಂತಾಯಿತು. ಅವರು ಮುಂದಿನ ಮೆಟ್ಟಿಲ ಮೇಲೆ ಕುಳಿತರು. ಮತ್ತೆ ಗಡಿಯಾರ ನೋಡಿಕೊಂಡರು. “ಇಪ್ಪತ್ತು. ಇನ್ನೂ ಹತ್ತು ನಿಮಿಷ. ಬೇಕಾದಷ್ಟಾಯ್ತು.” ಚೀಲದಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದರು. “ಹೆಂಗೂ ಕೂತಿದೀವಲ್ಲ, ಇದನ್ನ ಹೇಳ್ಬಿಡ್ತೀನಿ. ನಾನು ಸಹಿ ಹಾಕಿ ವಾಪಸ್ ಹೋಗಿ ಮಲಗೋಳು, ಪಾಠ ಮಾಡೋದು ನೀವೇ. ಮಕ್ಕಳ ವಿಷಯ ಒಂದಿಷ್ಟು ಬರೆದಿದೀನಿ. ಮೊದಲೇ ಕಳಿಸ್ಬೇಕಿತ್ತು, ಪೆನ್ನು ಹಿಡಿಯೋಕೆ ಆಗ್ತಿರ್ಲಿಲ್ಲ.”

ದುಂಡಕ್ಷರವಾಗಿ ಉಳಿದಿರಲಿಲ್ಲ ಅದು. ಸಾಲುಗಳು ಕೆಳಗೆ ಜಾರಿದ್ದವು.

“ಮೊದಲ ಬೆಂಚಿನ ಅವಳಿಜವಳಿ ಇದಾರಲ್ಲ, ಅವರನ್ನ ಬೇರೆ ಬೇರೆ ಕೂರಿಸ್ಬೇಡಿ. ಒಬ್ಬಳು ಅಳ್ತಾಳೆ, ಇನ್ನೊಬ್ಬಳು ಅದಕ್ಕೆ ಜೊತೆ ಕೊಡ್ತಾಳೆ. ಸಿಡುಕ ಇದಾನಲ್ಲ, ಅವನು ಬೆಳಿಗ್ಗೆ ತಿಂದು ಬಂದಿರಲ್ಲ. ಸಿಡುಕೋದು ಹಸಿವಿಗೆ. ಮೇಜಿನ ಖಾನೆಯಲ್ಲಿ ಬಿಸ್ಕತ್ತು ಇಡಿ, ಕೇಳ್ಬೇಡಿ, ಇಟ್ಟುಬಿಡಿ, ಅವನೇ ತಗೋತಾನೆ.”

“ಹೂಂ,” ಎಂದಳು ಅವಳು. ಮೇಲೆ ಕಚೇರಿಯಲ್ಲಿ ಕುರ್ಚಿ ಎಳೆದ ಸದ್ದು. ಗುಮಾಸ್ತ ಬೆಲ್ಲಿನ ಗುಂಡಿಯ ಹತ್ತಿರ ಕುರ್ಚಿ ಸರಿಸಿಕೊಳ್ಳುವ ಹೊತ್ತು ಅದು.

“ನಡೀರಿ, ಉಳಿದದ್ದು ನೀವೇ ಓದ್ಕೊಳ್ಳಿ.” ಅವರು ಏಳಲು ಕಂಬಿಗೆ ಕೈ ಹಾಕಿದರು.

“ಮೇಡಂ,” ಎಂದಳು ಅವಳು. ಹಾಳೆಯ ಮೇಲೆ ಬೆರಳಿಟ್ಟಳು. “ಇದೊಂದು ಸರಿಯಾಗಿ ಕಾಣ್ತಿಲ್ಲ. ಇದೇನು ಬರೆದಿದೀರಿ?”

ಅಕ್ಷರ ಕಾಣುತ್ತಿತ್ತು. ಕಣ್ಣಿಗೆ ಹೊಡೆಯುವಷ್ಟು ಕಾಣುತ್ತಿತ್ತು.

ಅವರು ಕಂಬಿ ಬಿಟ್ಟು ಮತ್ತೆ ಕುಳಿತು ಹಾಳೆಯತ್ತ ಬಾಗಿದರು. “ಓ, ಇವಳಾ. ನನ್ನ ಚಿನ್ನ ಇವಳು. ಎಡಗಿವಿ ಒಂದು ಚೂರೂ ಕೇಳ್ಸಲ್ಲ ಇವಳಿಗೆ. ಮನೇಲಿ ಯಾರೂ ಹೇಳಲ್ಲ, ನಾಚಿಕೆ ಅವರಿಗೆ. ಅವಳೂ ಹೇಳಲ್ಲ. ನನಗೇ ಗೊತ್ತಾಗೋಕೆ ಅರ್ಧ ವರ್ಷ ಬೇಕಾಯ್ತು. ಎಡಗಡೆ ಗೋಡೆ ಪಕ್ಕ ಕೂರಿಸಿದ್ದೆ, ಬಲಗಿವಿ ಕ್ಲಾಸಿನ ಕಡೆ ಬರ್ಲಿ ಅಂತ. ಆ ಜಾಗ ತಪ್ಪಿಸ್ಬೇಡಿ. ಮಾತಾಡೋವಾಗ ಬಲಗಡೆ ನಿಂತು ಮಾತಾಡಿ. ಎಷ್ಟು ಚುರುಕು ಗೊತ್ತಾ, ಒಂದು ಸಲ ಹೇಳಿದ್ರೆ...”

ಬೆಲ್ಲು ಹೊಡೆಯಿತು.

ಅಂಗಳದಲ್ಲಿ ಮಕ್ಕಳ ಕೂಗು ಎದ್ದಿತು. ಅವರು ಮಾತು ಅಲ್ಲಿಗೇ ಬಿಟ್ಟು ಕೈಗಡಿಯಾರ ನೋಡಿದರು. ಬಿಚ್ಚಿ ಕಿವಿಗೆ ಹಿಡಿದರು.

“ನಿಂತಿಲ್ಲ,” ಎಂದರು. “ನಡೀತಿದೆ. ಇಪ್ಪತ್ತೈದು.”

“ಗಡಿಯಾರ ಐದು ನಿಮಿಷ ಮುಂದಿದೆ,” ಎಂದಳು ಅವಳು. “ಕಚೇರೀದು.”

“ಯಾವಾಗಿಂದ?”

“ಹೋದ ತಿಂಗಳಿಂದ.”

ಅವರು ಅವಳ ಮುಖ ನೋಡಿದರು, ಆಮೇಲೆ ಅವಳ ಕೈಯಲ್ಲಿದ್ದ ಹಾಳೆಯನ್ನು ನೋಡಿದರು. ಗಡಿಯಾರವನ್ನು ಮತ್ತೆ ಕಟ್ಟಿಕೊಳ್ಳಲು ಹೋದರು. ಕೊಂಡಿ ಹಾಕಲು ಬೆರಳು ನಿಲ್ಲುತ್ತಿರಲಿಲ್ಲ. ಅವಳು ನೆರವಿಗೆ ಬಾಗಿದಾಗ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

“ಮೇಡಂ, ಎಲ್ಲಿದೀರಿ?” ಮೇಲಿನಿಂದ ಗುಮಾಸ್ತನ ಧ್ವನಿ, ಯಾರೂ ಕಾಣದಿದ್ದರೂ ಹುರುಪಿನಿಂದ. “ಗೆರೆ ಎಳೆದಾಯ್ತು! ಬನ್ನಿ ಮೇಲೆ, ಹೆಡ್ ಕರೀತಿದಾರೆ!”

ಮಕ್ಕಳು ಮೆಟ್ಟಿಲು ತುಂಬಿಕೊಂಡು ಬಂದರು. ಕಟ್ಟೆಯಲ್ಲಿ ಕುಳಿತವರನ್ನು ಕಂಡು ಇಬ್ಭಾಗವಾಗಿ ಹರಿದರು. ಯಾರೋ ಕಾಯಿಲೆಯವರು ಎಂದು ಒಬ್ಬ ಇನ್ನೊಬ್ಬನಿಗೆ ಪಿಸುಗುಟ್ಟಿದ. ಅವಳಿಜವಳಿ ಕೈ ಹಿಡಿದುಕೊಂಡು ದಾಟಿದರು. ಸಿಡುಕ ಅವಳಿಗೆ “ನಮಸ್ತೆ ಮಿಸ್” ಎಂದು ಓಡಿದ. ಕುಳಿತವರು ಒಬ್ಬೊಬ್ಬರ ಮುಖವನ್ನೂ ತಲೆಯೆತ್ತಿ ನೋಡಿದರು. ಯಾರೂ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಆ ಹುಡುಗಿ ಬಂದಳು, ಯಾವಾಗಿನಂತೆ ಕೊನೆಗೆ, ಕಂಬಿಗೆ ಒರಗಿಕೊಂಡು. ಕಟ್ಟೆಗೆ ಬಂದವಳು ನಿಂತಳು. ತಲೆಯ ಬಟ್ಟೆ ನೋಡಿದಳು, ಮುಸುಕಿನ ಮೇಲಿನ ಎರಡು ಕಣ್ಣು ನೋಡಿದಳು.

“ಹುಡುಗೀ,” ಎಂದಳು ಅವಳು, “ಕ್ಲಾಸಿಗೆ ಹೋಗು.” ಹುಡುಗಿಯ ಎಡಗಡೆ ನಿಂತು ಹೇಳಿದ್ದಳು.

ಹುಡುಗಿ ಚೀಲ ಕೆಳಗಿಟ್ಟಳು. ಸುತ್ತು ಹಾಕಿ ತನ್ನ ಟೀಚರ ಎಡಪಕ್ಕಕ್ಕೆ ಬಂದು, ಅದೇ ಮೆಟ್ಟಿಲ ಮೇಲೆ ಅಂಟಿಕೊಂಡು ಕುಳಿತು, ಬಲಗಿವಿಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು.