ಎರಡು ದಿನದ ಪಥ್ಯ

ಸುರಪುರದ ಮರಿಲಿಂಗಪ್ಪ ಮಾಸ್ತರರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಮೇದೋಜೀರಕ ಗ್ರಂಥಿ, ಇನ್ಸುಲಿನ್, ಚಯಾಪಚಯ ಎಲ್ಲ ಬಾಯಿಪಾಠ. ಅಂಥವರಿಗೇ ಸಕ್ಕರೆ ಕಾಯಿಲೆ ಬಂತು, ಬಂದದ್ದೇ ತಡ ಕಳ್ಳಾಟ ಶುರುವಾಯಿತು. ರಕ್ತ ಕೊಡುವುದಕ್ಕೆ ಎರಡು ದಿನ ಮುಂಚೆ ಚಹಾ ಬಂದ್, ಅನ್ನ ಬಂದ್. ಹೊತ್ತಿಗೊಂದು ಜೋಳದ ರೊಟ್ಟಿ, ಮೆಂತೆ ಪಲ್ಯ. ರಿಪೋರ್ಟು ಚೊಕ್ಕ! ಡಾಕ್ಟರು ಭೇಷ್ ಅಂದ ದಿನವೇ ಮಾಸ್ತರರು ಜಿಲೇಬಿ ತಿಂದು ಮನೆ ಸೇರುತ್ತಿದ್ದರು.

ಇಷ್ಟಕ್ಕೇ ಬಿಟ್ಟಿದ್ದರೆ ಅವರ ಹಣೆಬರಹ ಅನ್ನಬಹುದಿತ್ತು. ಆದರೆ ಜಾಣತನ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. ಹಳೇ ವಿದ್ಯಾರ್ಥಿ, ಕಕ್ಕೇರಾದ ದರ್ಜಿ ಮಾನಪ್ಪನಿಗೂ ಅದನ್ನೇ ಪಥ್ಯ ಎಂದು ಹೆಸರಿಟ್ಟು ಹೇಳಿಕೊಟ್ಟರು. ಅವನ ರಿಪೋರ್ಟೂ ಚೊಕ್ಕವಾಗಿ ಬಂತು, ಡಾಕ್ಟರು ಗುಳಿಗೆ ಅರ್ಧಕ್ಕೆ ಇಳಿಸಿದರು.

ಆ ಮಾನಪ್ಪ ಈಗ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದ. ತಿಂಗಳಾದರೂ ಮಾಯದ ಕಾಲಿನ ಹುಣ್ಣಿಗೆ ಬ್ಯಾಂಡೇಜು, ಅದೇ ಕಾಲಿನ ಕಿರುಬೆರಳು ಕಪ್ಪಗಾಗಿತ್ತು. ರಕ್ತ ಕೊಡಲು ಬಂದ ಮಾಸ್ತರರನ್ನು ಕಂಡವನೇ ಮುಖ ಅರಳಿಸಿದ.

"ಸರ, ನಿಮ್ಮ ಪುಣ್ಯಾ ನೋಡ್ರಿ. ನೀವು ಹೇಳಿದ ಪಥ್ಯಾ ಮಾಡಿದ್ದಕ್ಕ ರೋಗ ಒಂದ ಬೆರಳಿಗಿ ನಿಂತದ. ಸಕ್ಕರಿ ಬರೋಬ್ಬರಿ ಅದ, ಹುಣ್ಣು ಯಾಕ ಮಾಯವಲ್ದು ಅಂತ ಡಾಕ್ಟರ್‌ಗೇ ತಿಳೀವಲ್ದ್ರಿ. ಈಗೂ ಎರಡ ದಿನ ಪಥ್ಯಾ ಮಾಡೇ ಬಂದೀನಿ."

ಮಾಸ್ತರರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವತ್ತಿನ ರಿಪೋರ್ಟೂ ಚೊಕ್ಕ ಬಂದರೆ ಗುಳಿಗೆ ಅರ್ಧಕ್ಕೇ ನಿಲ್ಲುತ್ತದೆ, ಇವನ ಕಾಲು ಹೋಗುತ್ತದೆ. ಹೇಳಬೇಕು. ಆದರೆ ಬೆಂಚಿನ ತುಂಬ ಪರಿಚಯದ ಜನ, ಸಿರಿಂಜು ಹಿಡಿದು ನಿಂತ ಗುಲ್ನಾಜಳೂ ಅವರದೇ ವಿದ್ಯಾರ್ಥಿನಿ. ಇವರೆಲ್ಲರ ಮುಂದೆ ಹೇಗೆ ಹೇಳುವುದು?

"ಗುಲ್ನಾಜ್," ಎಂದರು ಕಡೆಗೂ. "ಇವನ ಇವತ್ತಿನ ಸಕ್ಕರಿ ನಂಬಬ್ಯಾಡ. ಮೂರು ತಿಂಗಳದ್ದು ತೋರಸ್ತದಲ್ಲ, ಆ ಟೆಸ್ಟ್ ಮಾಡು. ಡಾಕ್ಟರ್‌ಗೆ ಮೋಸ ಮಾಡೂದು ಇವಗ ಕಲಿಸಿದಾಂವ ನಾನ."

ಬೆಂಚಿನವರೆಲ್ಲ ಮಾಸ್ತರರ ಕಡೆ ತಿರುಗಿದರು.

"ಕೆಂಪು ರಕ್ತಕಣ ನೂರಾ ಇಪ್ಪತ್ತು ದಿನ ಬದುಕತದ, ಸಕ್ಕರಿ ಅದಕ್ಕ ಅಂಟಿಕೊಂಡೇ ಇರತದ ಅಂತ ಬೋರ್ಡಿನ ಮ್ಯಾಲ ಬರದು ಕಲಿಸಿದಾವ್ರು ನೀವ ಅಲ್ರಿ, ಸರ?" ಎಂದಳು ಗುಲ್ನಾಜ್.



"ಅಂದ್ರ ಅದು ಪಥ್ಯಾ ಅಲ್ಲೇನ್ರಿ?" ಮಾನಪ್ಪ ಕೇಳಿದ.

"ಅಲ್ಲೋ ಮಾನಪ್ಪಾ."

ಅವನು ಬೈಯಲಿಲ್ಲ. ಬ್ಯಾಂಡೇಜಿನ ಕಾಲನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿದ, ಮಾಸ್ತರರ ಕಣ್ಣಿಗೆ ಬೀಳದಿರಲಿ ಎಂದು.